ಮಾದರಿಯ ಹಡಗು, ಮಂಗಳೂರಿನ ಅಳಿವೆ: ಟಿಪ್ಪು ಸುಲ್ತಾನನ ಕಡಲ ಬದುಕು

ಟಿಪ್ಪು ಸುಲ್ತಾನನನ್ನು ಕುರಿತ ಕನ್ನಡ ಬರಹಗಳು ಬಹುಮಟ್ಟಿಗೆ ನೆಲದ ಮೇಲಿನ ಕಥನಗಳು. ಲಾವಣಿಕಾರರು ಹಾಡಿದ ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದ ವೀರ. ಗಿರೀಶ ಕಾರ್ನಾಡರ ನಾಟಕದ ಟಿಪ್ಪು ಕನಸುಗಳನ್ನು ಬರೆದಿಟ್ಟ ಅರಸ. ಪಠ್ಯಪುಸ್ತಕಗಳ ಟಿಪ್ಪು ಮೈಸೂರು ಯುದ್ಧಗಳ ನಾಯಕ. ಆದರೆ ಅವನ ಸೋಲು ಗೆಲುವುಗಳಲ್ಲಿ ಕಡಲಿಗೂ ಒಂದು ಪಾಲಿದೆ. ಆ ಕಡಲಿನ ಬಾಗಿಲು ಮಂಗಳೂರು. ಹದಿಹರೆಯದ ಮೊದಲ ದಂಡಯಾತ್ರೆಗಳಲ್ಲೊಂದು, ಅರಸನಾದ ಮೇಲಿನ ಮೊದಲ ದೊಡ್ಡ ಮುತ್ತಿಗೆ, ಮೊದಲ ಸಂಧಿ, ಅತ್ಯಂತ ದೊಡ್ಡ ನೌಕಾಯೋಜನೆ ಮತ್ತು ಅವನ ಅಂತ್ಯಕ್ಕೆ ನೆಪವಾದ ಹಡಗು, ಇವೆಲ್ಲವೂ ಈ ಒಂದೇ ಬಂದರಿನೊಡನೆ ತಳಕು ಹಾಕಿಕೊಂಡಿವೆ. ಹಡಗಿನ ಮಾದರಿಯನ್ನು ಮುಂದಿಟ್ಟುಕೊಂಡು ಯುದ್ಧವನ್ನು ಆಲೋಚಿಸುವ ಕ್ರಮ ಹದಿನೆಂಟನೆಯ ಶತಮಾನದಲ್ಲಿ ಬೇರೆಡೆಯೂ ಇತ್ತು. ಅದರ ಜೊತೆಗಿಟ್ಟು ನೋಡಿದಾಗ ಟಿಪ್ಪುವಿನ ಕಡಲ ಬದುಕಿನ ಸ್ವರೂಪ ಸ್ಪಷ್ಟವಾಗುತ್ತದೆ.

ತಂದೆಯ ಬಂದರು

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರ ನವೆಂಬರ್ ತಿಂಗಳಿನಲ್ಲಿ. ಕಡಲಿನಿಂದ ಬಹುದೂರದ ಬಯಲುಸೀಮೆಯ ಊರದು. ಹೈದರಾಲಿಯು 1763ರಲ್ಲಿ ಬಿದನೂರನ್ನು ವಶಪಡಿಸಿಕೊಂಡಾಗ ಕೆಳದಿ ಅರಸರ ಕರಾವಳಿಯೂ ಮೈಸೂರಿನ ಪಾಲಾಯಿತು. ಕೊಂಕಣಿ ಮಾತಿನಲ್ಲಿ ಕೊಡಿಯಾಲವೆನಿಸಿದ ಮಂಗಳೂರು ಅಕ್ಕಿ, ಮೆಣಸು, ಶ್ರೀಗಂಧಗಳ ರಫ್ತಿನ ಬಂದರು. ಹೈದರನು ಅಲ್ಲಿಯೇ ತನ್ನ ನೌಕಾಬಲವನ್ನು ಕಟ್ಟಲು ತೊಡಗಿದನು. ಕಣ್ಣೂರಿನ ಅಲಿರಾಜನ ಕೈಯಲ್ಲಿ ಅದರ ಆಡಳಿತವನ್ನಿಟ್ಟು, ಬಳಿಕ ಅವನನ್ನು ಆ ಸ್ಥಾನದಿಂದ ತೆಗೆದನು. ಆ ನೌಕಾಬಲದ ಮುಖ್ಯ ಅಂಗಗಳಾದ ಗುರಾಬು ಮತ್ತು ಗಲ್ಬತ್ತುಗಳು ನದಿಯ ಅಳಿವೆಯನ್ನು ದಾಟಿ ಒಳಬರಬಲ್ಲ, ಕರಾವಳಿಯ ಬಡಗಿಗಳಿಗೆ ಪರಿಚಿತವಾದ ನೌಕೆಗಳು.

1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷರ ಪಡೆ ಮಂಗಳೂರನ್ನು ಹಿಡಿಯಿತು. ಹೈದರನ ನೌಕಾಧಿಕಾರಿಗಳಲ್ಲಿ ಅಸಮಾಧಾನ ಬೆಳೆದಿತ್ತು. ಹಡಗುಗಳು ಹೋರಾಡದೆ ಶತ್ರುವಿನ ಪಾಲಾದವು. ಊರನ್ನು ಮರಳಿ ಪಡೆಯಲು ಹೈದರನು ಮುಂದಾಗಿ ಕಳುಹಿಸಿದ ಪಡೆಯೊಡನೆ ಬಂದವನು ಹದಿನೇಳರ ಟಿಪ್ಪು. ಮಂಗಳೂರು ಮತ್ತೆ ಮೈಸೂರಿನ ಕೈಸೇರಿತು, ಆದರೆ ಕುದುರೆಯ ಮೇಲೆ ಬಂದವರಿಂದ. ಕಡಲಿನಲ್ಲಿ ಕಳೆದುಕೊಂಡುದನ್ನು ನೆಲದಲ್ಲಿ ಗೆದ್ದುಕೊಳ್ಳಬಹುದೆಂಬ ಪಾಠ ಆ ಹುಡುಗನಿಗೆ ದೊರೆತದ್ದು ಹೀಗೆ. ಅದು ಅರ್ಧ ಪಾಠ ಮಾತ್ರವೆಂಬುದು 1780ರ ಡಿಸೆಂಬರಿನಲ್ಲಿ ತಿಳಿಯಿತು. ಆ ತಿಂಗಳು ಅಡ್ಮಿರಲ್ ಎಡ್ವರ್ಡ್ ಹ್ಯೂಸನು ಮಂಗಳೂರಿನ ಮುಂದೆ ಲಂಗರು ಹಾಕಿದ್ದ ಹೈದರನ ನೌಕೆಗಳನ್ನು ನಾಶಮಾಡಿದನು. ಹೈದರನ ಅಶ್ವದಳವು ಕರ್ನಾಟಿಕ್‌ನ ಬಯಲುಗಳಲ್ಲಿ ಇಂಗ್ಲಿಷರನ್ನು ತತ್ತರಗೊಳಿಸುತ್ತಿದ್ದ ಕಾಲವದು. ಎರಡು ದಶಕಗಳ ಹಡಗುಗಟ್ಟುವಿಕೆ ಬಂದರಿನಲ್ಲಿಯೇ ಸುಟ್ಟುಹೋಯಿತು.

ಮುತ್ತಿಗೆಯ ಎಂಟು ತಿಂಗಳು

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಟಿಪ್ಪು ಅಧಿಕಾರಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ ಜನರಲ್ ಮ್ಯಾಥ್ಯೂಸನು ಕರಾವಳಿಯಿಂದ ಮೇಲೇರಿ ಬಿದನೂರನ್ನು ಹಿಡಿದನು. 1783ರ ಮಾರ್ಚಿನಲ್ಲಿ ಮಂಗಳೂರೂ ಇಂಗ್ಲಿಷರ ವಶವಾಯಿತು. ಟಿಪ್ಪು ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಿನಲ್ಲಿ ಘಟ್ಟವಿಳಿದು ಮಂಗಳೂರನ್ನು ಮುತ್ತಿದನು. ಕರ್ನಲ್ ಕ್ಯಾಂಪ್‌ಬೆಲ್‌ನ ದಂಡು ಕೋಟೆಯೊಳಗಿತ್ತು. ಯೂರೋಪಿನಲ್ಲಿ ಶಾಂತಿಯಾದ ಸುದ್ದಿ ಬಂದೊಡನೆ ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಹಿಂದೆಗೆದರು. ಮಳೆಗಾಲ ಕಳೆದ ಮೇಲೆ ಇಂಗ್ಲಿಷ್ ಹಡಗುಗಳು ಕೋಟೆಯ ಮುಂದೆ ಕಾಣಿಸಿಕೊಂಡವು. ಒಳಗಿನವರಿಗೆ ಒಂದಿಷ್ಟು ಆಹಾರವೂ ತಲುಪಿತು. ಹಸಿವು ಮತ್ತು ರೋಗಗಳಿಂದ ನಲುಗಿದ ಕ್ಯಾಂಪ್‌ಬೆಲ್‌ನು 1784ರ ಜನವರಿ 30ರಂದು ಕೋಟೆಯನ್ನು ಬಿಟ್ಟುಕೊಟ್ಟನು. ಮಾರ್ಚ್ 11ರಂದು ಮಂಗಳೂರು ಸಂಧಿಗೆ ಸಹಿಯಾಯಿತು.

ಈ ಮುತ್ತಿಗೆಯನ್ನು ಟಿಪ್ಪುವಿನ ವಿಜಯವೆಂದು ಗಣಿಸುವುದು ಸರಿಯೇ. ಆದರೆ ಅದರ ಅವಧಿ ಬೇರೊಂದನ್ನೂ ಹೇಳುತ್ತದೆ. ನೆಲದ ಮೂರು ದಿಕ್ಕುಗಳನ್ನು ಮುಚ್ಚಿದ ದೊಡ್ಡ ಸೈನ್ಯವೊಂದು ನಾಲ್ಕನೆಯ ದಿಕ್ಕನ್ನು ಮುಚ್ಚಲಾರದೆ ಎಂಟು ತಿಂಗಳು ಕಾಯಬೇಕಾಯಿತು. ಸಂಧಿಯ ಬಳಿಕ ಟಿಪ್ಪು ಬೋಳೂರಿನಲ್ಲಿ ಗುರುಪುರ ನದಿಯ ದಡದ ಮೇಲೆ ಕಪ್ಪುಕಲ್ಲಿನ ಕಾವಲುಕಟ್ಟೆಯನ್ನು ಕಟ್ಟಿಸಿದನು. ಇಂದಿಗೂ ಸುಲ್ತಾನ್ ಬತ್ತೇರಿಯೆಂದು ಕರೆಯುವ ಈ ಕಟ್ಟಡ ಶತ್ರುನೌಕೆಗಳು ನದಿಯೊಳಕ್ಕೆ ನುಗ್ಗದಂತೆ ತಡೆಯಲು ಕಟ್ಟಿದ್ದು. ಅದರ ಕೆಳಗೆ ಮದ್ದಿನ ಕೋಣೆಯಿದೆ. ನೀರಿನ ಸಮಸ್ಯೆಗೆ ಕಲ್ಲಿನ ಉತ್ತರವಿದು.

ಅದೇ ವರ್ಷ ಕರಾವಳಿಯ ಕ್ಯಾಥೊಲಿಕ್ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಸಾಮೂಹಿಕವಾಗಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅವರ ಇಗರ್ಜಿಗಳು ನೆಲಸಮವಾದವು. ಬಹುಮಂದಿ ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರ ಬಳಿಕ. ಸೆರೆಗೊಂಡವರ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ ಆದ ನಷ್ಟದ ಬಗ್ಗೆ ಅನುಮಾನವಿಲ್ಲ. ನೌಕಾಬಲಕ್ಕೆ ಬೇಕಾದುದು ಹಡಗು ಮಾತ್ರವಲ್ಲ, ಬಂದರಿನ ಹಿಂದೆ ನೆಲೆಸಿದ ಜನ. ಬೆಳೆಯುವವರು, ಮಾರುವವರು, ಹಗ್ಗ ಹೊಸೆಯುವವರು, ಮರ ಕೊಯ್ಯುವವರು ಒಂದೇ ಬಲೆಯ ಎಳೆಗಳು. ಕರಾವಳಿಯನ್ನು ಬಲಪಡಿಸಲು ಹೊರಟ ಅರಸನೇ ಅದರ ಒಂದು ಎಳೆಯನ್ನು ಕಿತ್ತನೆಂಬುದನ್ನು ಅವನ ನೌಕಾಚರಿತ್ರೆಯಲ್ಲಿ ಮರೆಯುವಂತಿಲ್ಲ.

ದೂರದ ಕಡಲುಗಳು

ಮುಂದಿನ ವರ್ಷಗಳಲ್ಲಿ ಟಿಪ್ಪುವಿನ ದೃಷ್ಟಿ ಪಶ್ಚಿಮದ ಕಡಲಿನತ್ತ ಚಾಚಿತು. ಮೆಣಸು, ಏಲಕ್ಕಿ, ಶ್ರೀಗಂಧಗಳ ವ್ಯಾಪಾರವನ್ನು ಸರಕಾರವೇ ಕೈಗೆತ್ತಿಕೊಂಡಿತು. ಮಸ್ಕತ್ತಿನಲ್ಲಿಯೂ ಕಚ್ಛದಲ್ಲಿಯೂ ಮೈಸೂರಿನ ವ್ಯಾಪಾರಿ ಕೋಠಿಗಳು ನಡೆದವು. 1786ರ ಮಾರ್ಚಿನಲ್ಲಿ ತದಡಿಯಿಂದ ನಾಲ್ಕು ಹಡಗುಗಳು ಸುಮಾರು 900 ಜನರನ್ನು ಹೊತ್ತು ತುರ್ಕಿಯ ಸುಲ್ತಾನನ ರಾಜಧಾನಿಗೆ ಹೋಗುವ ರಾಯಭಾರಿಗಳೊಡನೆ ಹೊರಟವು. ಬಸ್ರಾ ಬಂದರನ್ನು ಗುತ್ತಿಗೆಯಾಗಿ ಪಡೆದು, ಪ್ರತಿಯಾಗಿ ಮಂಗಳೂರಿನಲ್ಲಿ ತುರ್ಕರಿಗೆ ಅನುಕೂಲ ಕಲ್ಪಿಸುವುದು ಅವರಿಗೆ ವಹಿಸಿದ ಕೆಲಸಗಳಲ್ಲೊಂದು. ಬಂದರಿಗೆ ಬಂದರನ್ನು ಕೊಡುವ ಈ ಆಲೋಚನೆ ಭೂಪಟದ ಮೇಲೆ ಸೊಗಸಾಗಿತ್ತು. ಆದರೆ ಒಂದು ಹಡಗು ಬೆಂಕಿಗೆ ಆಹುತಿಯಾಯಿತು, ಬಿರುಗಾಳಿ ಮತ್ತಷ್ಟನ್ನು ನುಂಗಿತು, ಪ್ಲೇಗು ಜನರನ್ನು ಕೊಂದಿತು. ಹೊರಟವರಲ್ಲಿ ಮರಳಿದವರು ಬಹು ಕೆಲವರು. 1787ರಲ್ಲಿ ಫ್ರಾನ್ಸಿಗೆ ಹೊರಟ ರಾಯಭಾರಿಗಳು ಪುದುಚೇರಿಯಿಂದ ಫ್ರೆಂಚರ ಹಡಗನ್ನೇರಿದರು. ತನ್ನ ಮಾತನ್ನು ಕಡಲಾಚೆಗೆ ತಲುಪಿಸಲು ಟಿಪ್ಪುವಿಗೆ ಪರರ ಹಡಗು ಬೇಕಾಯಿತು.

ಮೇಜಿನ ಮೇಲಿನ ಕಡಲು

ಈ ಘಟ್ಟದಲ್ಲಿ ಟಿಪ್ಪುವಿನ ಸಮಕಾಲೀನನಾದ ಒಬ್ಬ ಸ್ಕಾಟ್ಲೆಂಡಿನ ಮನುಷ್ಯನನ್ನು ಗಮನಿಸುವುದು ಉಚಿತ. 1728ರಲ್ಲಿ ಹುಟ್ಟಿ 1812ರಲ್ಲಿ ತೀರಿಕೊಂಡ ಎಲ್ಡಿನ್‌ನ ಜಾನ್ ಕ್ಲರ್ಕನು ವ್ಯಾಪಾರಿ, ಕಲ್ಲಿದ್ದಲ ಗಣಿಯ ಒಡೆಯ, ರೇಖಾಚಿತ್ರಕಾರ. ಟಿಪ್ಪುವಿನಂತೆಯೇ ನೆಲದ ಮನುಷ್ಯ, ನಾವಿಕನಾಗಿ ದುಡಿದವನಲ್ಲ. ಇವನು ಚಿಕ್ಕ ಚಿಕ್ಕ ಹಡಗಿನ ಮಾದರಿಗಳನ್ನು ಮೇಜಿನ ಮೇಲೆ ಸಾಲಾಗಿ ಇರಿಸಿ, ಗಾಳಿಯ ದಿಕ್ಕನ್ನು ಕಲ್ಪಿಸಿ, ನಡೆದುಹೋದ ನೌಕಾಯುದ್ಧಗಳನ್ನು ಮರಳಿ ಆಡಿ ನೋಡುತ್ತಿದ್ದನು. ಶತ್ರುವಿನ ಸಾಲಿಗೆ ಸಮಾನಾಂತರವಾಗಿ ಸಾಗಿ ಗುಂಡು ಹಾರಿಸುವುದರಿಂದ ಯುದ್ಧಗಳು ತೀರ್ಮಾನವಾಗುತ್ತಿಲ್ಲ, ಸಾಲನ್ನು ಭೇದಿಸಿ ಅದರ ಒಂದು ಭಾಗವನ್ನು ಸುತ್ತುವರಿಯಬೇಕು ಎಂಬುದು ಅವನ ನಿರ್ಣಯ. 1782ರಲ್ಲಿ ಖಾಸಗಿಯಾಗಿ, 1790ರಲ್ಲಿ ಸಾರ್ವಜನಿಕವಾಗಿ ಅವನ ನೌಕಾತಂತ್ರದ ಗ್ರಂಥ ಅಚ್ಚಾಯಿತು; ನೌಕಾಧಿಕಾರಿಗಳು ಅದನ್ನು ಓದಿ ಚರ್ಚಿಸಿದರು. ಈ ಮಾರ್ಗ ಮುಂದೆ ಬೆಳೆದು, 1898ರಲ್ಲಿ ಇಂಗ್ಲೆಂಡಿನ ಪತ್ರಕರ್ತ ಫ್ರೆಡ್ ಜೇನ್ ಮಾದರಿ ಹಡಗುಗಳಿಂದ ಆಡುವ ನೌಕಾಯುದ್ಧದ ಆಟವೊಂದನ್ನು ನಿಯಮಬದ್ಧವಾಗಿ ಪ್ರಕಟಿಸಿದನು.

ಇಂಥ ಆಟದಲ್ಲಿ ಹಡಗಿನ ಗಾತ್ರವೇ ದೊಡ್ಡ ಪ್ರಶ್ನೆ. ಎಪ್ಪತ್ತಕ್ಕೂ ಹೆಚ್ಚು ತೋಪುಗಳ ಯುದ್ಧನೌಕೆಯ ಉದ್ದ ಸುಮಾರು 180 ಅಡಿ. ಇಪ್ಪತ್ತು ಹಡಗುಗಳು ಒಂದರಿಂದೊಂದಕ್ಕೆ 600 ಅಡಿಯ ಅಂತರದಲ್ಲಿ ಸಾಲುಗಟ್ಟಿದರೆ ಆ ಸಾಲು ಎರಡು ಮೈಲಿಯನ್ನು ಮೀರುತ್ತದೆ. ಅಂಗುಲದುದ್ದದ ಹಡಗುಗಳಾದರೆ ಆ ಸಾಲನ್ನು ಐದೂವರೆ ಅಡಿಯ ಮೇಜಿನ ಮೇಲೆ ನಿಲ್ಲಿಸಬಹುದು. ಗೇಣುದ್ದದ ಹಡಗುಗಳಾದರೆ ಸುಮಾರು ಐವತ್ತು ಅಡಿಯ ಜಾಗ ಬೇಕು. ಹಡಗು ದೊಡ್ಡದಾದಷ್ಟೂ ಅದರ ಹಾಯಿ, ಹಗ್ಗ, ತೋಪುಗಳು ಕಣ್ಣಿಗೆ ತುಂಬುತ್ತವೆ; ಅದರ ಅಟ್ಟದ ಮೇಲೆ ಸೈನಿಕರ ಗೊಂಬೆಗಳನ್ನೂ ನಿಲ್ಲಿಸಬಹುದು. ಆದರೆ ಕಡಲು ಕಿರಿದಾಗುತ್ತದೆ. ತೋಪಿನ ಗುರಿಯ ದೂರ, ಗಾಳಿಯ ಬಲ, ಸಾಲಿನ ನಡುವಿನ ಅಂತರ ಇವೆಲ್ಲ ಮೇಜಿನಿಂದ ಆಚೆಗೆ ಜಾರಿಹೋಗುತ್ತವೆ. ದೊಡ್ಡ ಆಟಿಕೆಯ ಹಡಗು ಅಟ್ಟದ ಮೇಲಿನ ಕೈಕಾದಾಟಕ್ಕೆ, ದಡದ ಕೋಟೆಯ ಮುಂದಿನ ಕಾಳಗಕ್ಕೆ ಒಗ್ಗುತ್ತದೆ. ನಡುಗಡಲಿನ ಯುದ್ಧಕ್ಕೆ ಒಗ್ಗುವುದಿಲ್ಲ. ಕ್ಲರ್ಕನು ಚಿಕ್ಕ ಹಡಗನ್ನು ಆರಿಸಿಕೊಂಡದ್ದರಿಂದ ಅವನ ಮೇಜಿನಲ್ಲಿ ಕಡಲಿಗೆ ಸ್ಥಳವಿತ್ತು.

1796ರ ನಿರೂಪ

1792ರ ಶ್ರೀರಂಗಪಟ್ಟಣದ ಸಂಧಿಯಿಂದ ಟಿಪ್ಪು ತನ್ನ ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡನು. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ದಂಡ ತೆರಬೇಕಾಯಿತು. ಮಲಬಾರಿನ ಬಂದರುಗಳು ಹೋದವು. ಉಳಿದವುಗಳಲ್ಲಿ ಮುಖ್ಯವಾದುದು ಮಂಗಳೂರು. ಆ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಮದರಾಸು, ಮುಂಬಯಿ, ಕಲಕತ್ತೆಗಳಿಂದ ಸಾಮಗ್ರಿ ಬಂದದ್ದು ಕಡಲ ದಾರಿಯಿಂದ. ಆ ದಾರಿಯನ್ನು ಕಡಿಯದೆ ಕಂಪೆನಿಯನ್ನು ಸೋಲಿಸಲಾಗದೆಂಬ ಅರಿವಿನ ಫಲವೇ 1796ರ ನೌಕಾ ನಿರೂಪ. ಅದರ ಇಂಗ್ಲಿಷ್ ರೂಪವನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್‌ನು 1811ರಲ್ಲಿ ಟಿಪ್ಪುವಿನ ಪತ್ರಗಳೊಡನೆ ಪ್ರಕಟಿಸಿದನು.

ನಿರೂಪದ ವ್ಯಾಪ್ತಿ ಬೆರಗು ಹುಟ್ಟಿಸುವಂಥದು. ಹನ್ನೊಂದು ಮಂದಿ ಮೀರ್ ಯಮ್‌ಗಳ ಮಂಡಳಿ, ಅವರ ಕೆಳಗೆ ಮೂವತ್ತು ಮಂದಿ ಮೀರ್ ಬಹರ್‌ಗಳು, ನಲವತ್ತು ಯುದ್ಧನೌಕೆಗಳು. ಇವುಗಳಲ್ಲಿ ಅರ್ಧ 72 ಮತ್ತು 62 ತೋಪುಗಳ ದೊಡ್ಡ ಹಡಗುಗಳು, ಉಳಿದವು ಫ್ರಿಗೇಟುಗಳು. ಕರಾವಳಿಯ ಮೂರು ಕಚೇರಿಗಳಲ್ಲಿ ಮಂಗಳೂರಿನದು ಒಂದು. ಘಟ್ಟದ ಕಾಡುಗಳ ತೇಗವನ್ನು ನದಿಗಳಲ್ಲಿ ತೇಲಿಬಿಟ್ಟು ಹಡಗುಕಟ್ಟೆಗಳಿಗೆ ತರಬೇಕು. ಮರವನ್ನು ಕೊರೆಯುವ ಕಡಲಹುಳುಗಳಿಂದ ರಕ್ಷಿಸಲು ತಳಕ್ಕೆ ತಾಮ್ರ ಹೊದಿಸುವುದು ಯೂರೋಪಿನಲ್ಲಿಯೂ ಆಗ ಹೊಸದಾಗಿ ನೆಲೆಯೂರಿದ್ದ ಪದ್ಧತಿ; ಟಿಪ್ಪು ಅದನ್ನೂ ತನ್ನ ಹಡಗುಗಳಿಗೆ ವಿಧಿಸಿದನು. ಹಡಗು ಹೇಗಿರಬೇಕೆಂಬುದಕ್ಕೆ ಸುಲ್ತಾನನೇ ಮಾದರಿಯನ್ನು ಒದಗಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಶ್ರೀರಂಗಪಟ್ಟಣದ ಮಾದರಿಯನ್ನು ನೋಡಿ ಮಂಗಳೂರಿನ ಬಡಗಿ ಕೆತ್ತಬೇಕು. ಬಂದರುಗಳೆಲ್ಲೆಡೆ ಒಂದೇ ಅಳತೆ, ಒಂದೇ ರೂಪ.

ಟಿಪ್ಪುವಿನ ಮಾದರಿಗೂ ಕ್ಲರ್ಕನ ಮಾದರಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಕ್ಲರ್ಕನ ಮೇಜಿನ ಹಡಗಿಗೆ ರೂಪ ಮುಖ್ಯವಲ್ಲ, ಚಲನೆ ಮುಖ್ಯ. ಒಂದು ಹಡಗು ಇನ್ನೊಂದಕ್ಕೆ ಹೇಗೆ ಒದಗಬೇಕು, ಗಾಳಿ ತಿರುಗಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಅದು ಉತ್ತರ ಹುಡುಕುತ್ತದೆ. ಟಿಪ್ಪುವಿನ ಮಾದರಿ ಒಂಟಿ ಹಡಗಿನದು. ಅದು ಅಳತೆಯನ್ನು, ತೋಪಿನ ಸಂಖ್ಯೆಯನ್ನು, ಮರದ ಜಾತಿಯನ್ನು ನಿಖರವಾಗಿ ಹೇಳುತ್ತದೆ. ಹಡಗು ಇಳಿಯಬೇಕಾದ ನೀರಿನ ವಿಷಯ ಅದರಲ್ಲಿಲ್ಲ. ದೊಡ್ಡ ಆಟಿಕೆಯ ಹಡಗನ್ನು ಕಿರಿಯ ಮೇಜಿನ ಮೇಲಿಟ್ಟಾಗ ಆಗುವುದೇ ಇಲ್ಲಿಯೂ ಆಯಿತು.

ಅಳಿವೆಯ ಆಳ

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವಲ್ಲಿ ಮರಳಿನ ದಿಬ್ಬವಿದೆ. ಮಳೆಗಾಲದಲ್ಲಿ ಅದು ಸ್ಥಳ ಬದಲಿಸುತ್ತದೆ. ಆ ತಿಂಗಳುಗಳಲ್ಲಿ ಹಾಯಿಹಡಗಿನ ಸಂಚಾರವೇ ನಿಲ್ಲುತ್ತಿತ್ತು. ಟಿಪ್ಪುವಿನ ಕಾಲದಲ್ಲಿ ಹತ್ತು ಅಡಿಗಿಂತ ಆಳಕ್ಕೆ ಮುಳುಗುವ ನೌಕೆ ಅಳಿವೆಯನ್ನು ದಾಟಿ ಒಳಬರುವುದು ಕಷ್ಟವಾಗಿತ್ತು. ಎಪ್ಪತ್ತು ತೋಪುಗಳನ್ನು ಹೊತ್ತ ಹಡಗಿಗೆ ಸುಮಾರು ಇಪ್ಪತ್ತು ಅಡಿ ನೀರು ಬೇಕು. ಬರಿಯ ಒಡಲನ್ನು ಹೇಗೋ ಹೊರಗೆ ಸಾಗಿಸಿದರೂ ತೋಪು, ಮದ್ದು, ಆಹಾರಗಳನ್ನು ತೆರೆದ ಕಡಲಿನಲ್ಲಿಯೇ ತುಂಬಬೇಕು. ಅಪಾಯ ಬಂದಾಗ ಅದು ಮರಳಿ ನದಿಯೊಳಗೆ ಬರಲಾರದು. ಗುರಾಬು, ಗಲ್ಬತ್ತು, ಮಂಜಿ, ಮಚವೆಗಳು ಈ ಕರಾವಳಿಯಲ್ಲಿ ಹುಟ್ಟಿಬೆಳೆದದ್ದು ಬಡಗಿಗಳ ಅಜ್ಞಾನದಿಂದಲ್ಲ. ಅಳಿವೆಯ ಆಳವೇ ಅವುಗಳ ಅಳತೆಯನ್ನು ನಿರ್ಣಯಿಸಿತ್ತು. ಪಣಂಬೂರಿನಲ್ಲಿ ಹೂಳೆತ್ತಿ ಆಳದ ಬಂದರನ್ನು ಕಟ್ಟಿದ್ದು 1970ರ ದಶಕದಲ್ಲಿ.

ಮುಂಬಯಿಯ ಉದಾಹರಣೆ ಇದಕ್ಕೆ ಪೂರಕವಾಗಿದೆ. ಅಲ್ಲಿ ಆಳವಾದ ಸಹಜ ಬಂದರಿತ್ತು. 1730ರ ದಶಕದಿಂದ ವಾಡಿಯಾ ಮನೆತನದ ಪಾರಸಿ ಬಡಗಿಗಳು ತಲೆಮಾರಿನಿಂದ ತಲೆಮಾರಿಗೆ ಕಸುಬನ್ನು ದಾಟಿಸುತ್ತ ಬಂದಿದ್ದರು. ಅವರು 1810ರಲ್ಲಿ ಬ್ರಿಟಿಷ್ ನೌಕಾಪಡೆಗೆ 74 ತೋಪುಗಳ ಮಿಂಡನ್ ಎಂಬ ಹಡಗನ್ನು ಕಟ್ಟಿಕೊಟ್ಟರು. 1817ರಲ್ಲಿ ಕಟ್ಟಿದ ಟ್ರಿಂಕೊಮಲೀ ಎಂಬ ಫ್ರಿಗೇಟು ಮಲಬಾರಿನ ತೇಗದ್ದು. ಅದು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಉಳಿದಿದೆ. ಪಶ್ಚಿಮ ಕರಾವಳಿಯ ಮರದಿಂದ, ಈ ನೆಲದ ಬಡಗಿಗಳ ಕೈಯಿಂದ ದೊಡ್ಡ ಯುದ್ಧನೌಕೆಗಳನ್ನು ಕಟ್ಟಬಹುದೆಂಬ ಟಿಪ್ಪುವಿನ ನಂಬಿಕೆ ಹುಸಿಯಾಗಿರಲಿಲ್ಲ. ಕೊರತೆಯಿದ್ದುದು ಬಂದರಿನ ಆಳದಲ್ಲಿ, ಕಾಲದಲ್ಲಿ ಮತ್ತು ಕಸುಬನ್ನು ಬೆಳೆಯಗೊಡುವ ತಾಳ್ಮೆಯಲ್ಲಿ. ಹಲವು ದಶಕಗಳಲ್ಲಿ ಮುಂಬಯಿಯಲ್ಲಿ ಆದುದನ್ನು ನಿರೂಪವೊಂದು ಮೂರು ವರ್ಷಗಳಲ್ಲಿ ಮಾಡಿ ಮುಗಿಸಲಾರದು.

ಕೊನೆಯ ಹಡಗು

1797ರ ಆರಂಭದಲ್ಲಿ ಜಖಂಗೊಂಡ ಫ್ರೆಂಚ್ ಹಡಗೊಂದು ಮಂಗಳೂರಿಗೆ ಬಂತು. ಅದರ ನಾಯಕ ರಿಪೋ ತಾನು ಮಾರಿಷಸ್ ದ್ವೀಪದ ಫ್ರೆಂಚ್ ಆಡಳಿತದ ಪ್ರತಿನಿಧಿಯೆಂದೂ, ಅಲ್ಲಿ ದೊಡ್ಡ ಪಡೆ ಸಜ್ಜಾಗಿದೆಯೆಂದೂ ಹೇಳಿಕೊಂಡನು. ಅವನ ಮಾತಿನಲ್ಲಿ ಕೆಲವರಿಗೆ ನಂಬಿಕೆಯಿರಲಿಲ್ಲ; ಟಿಪ್ಪು ನಂಬಲು ಬಯಸಿದನು. ಆ ವರ್ಷದ ಕೊನೆಗೆ ಅವನ ದೂತರು ಮಂಗಳೂರಿನಿಂದ ಹೊರಟು 1798ರ ಜನವರಿಯಲ್ಲಿ ಮಾರಿಷಸ್ ತಲುಪಿದರು. ಅಲ್ಲಿ ಪಡೆಯಿರಲಿಲ್ಲ. ಗವರ್ನರ್ ಮಲಾರ್ತಿಕನು ಟಿಪ್ಪುವಿನ ಸೇವೆಗೆ ಸ್ವಯಂಸೇವಕರು ಬೇಕೆಂದು ಜನವರಿ 30ರಂದು ಬಹಿರಂಗ ಘೋಷಣೆ ಹೊರಡಿಸಿದನು. ಗುಟ್ಟಾಗಿರಬೇಕಾದುದು ಜಗಜ್ಜಾಹೀರಾಯಿತು. ಏಪ್ರಿಲಿನಲ್ಲಿ ಫ್ರೆಂಚ್ ಫ್ರಿಗೇಟೊಂದು ಮಂಗಳೂರಿಗೆ ತಂದಿಳಿಸಿದ್ದು ಸುಮಾರು ನೂರು ಜನರನ್ನು. ಘೋಷಣೆಯ ಪ್ರತಿ ಕಲಕತ್ತೆ ತಲುಪಿದಾಗ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾದ ನೆಪ ಸಿಕ್ಕಿತು.

ನಲವತ್ತು ಹಡಗುಗಳ ಒಡೆಯನಾಗಬೇಕೆಂದಿದ್ದ ಅರಸ ಕೊನೆಯ ಪಂದ್ಯವನ್ನು ಪರರ ಮುರುಕು ಹಡಗಿನ ಮೇಲೆ ಕಟ್ಟಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಟಿಪ್ಪು ಮಡಿದನು. ಕೆನರಾ ಪ್ರಾಂತ ಕಂಪೆನಿಗೆ ಸೇರಿ ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ನೌಕಾ ನಿರೂಪ ಪೂರ್ತಿಗೊಳ್ಳದೆ ಉಳಿಯಿತು. ಅಂದಿನಿಂದ ಮೈಸೂರು ಕಡಲಿಲ್ಲದ ರಾಜ್ಯವಾಯಿತು. ಮಂಗಳೂರು ಮತ್ತು ಮೈಸೂರು ಒಂದೇ ಆಡಳಿತದಡಿ ಮರಳಿ ಬಂದದ್ದು 1956ರಲ್ಲಿ.

ಅರಮನೆಯ ಲೂಟಿಯಲ್ಲಿ ದೊರೆತ ವಸ್ತುಗಳಲ್ಲಿ ಜಗತ್ಪ್ರಸಿದ್ಧವಾದುದು ಒಂದು ಆಟಿಕೆ. ಬಿಳಿಯ ಸೈನಿಕನ ಮೇಲೆರಗಿದ ಮರದ ಹುಲಿ, ಮನುಷ್ಯನ ಗಾತ್ರಕ್ಕೆ ಸಮೀಪವಾದುದು. ಹಿಡಿಕೆ ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಮನುಷ್ಯ ನರಳುತ್ತಾನೆ. ಅದು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆ ಯುದ್ಧದ ಆಟಿಕೆಯಲ್ಲಿಯೂ ಎದುರಾಳಿ ನೆಲದ ಮೇಲೆ ಬಿದ್ದಿದ್ದಾನೆ. ಅವನು ಬಂದ ಹಡಗು ಅಲ್ಲಿಲ್ಲ. ಟಿಪ್ಪು ಆ ಹಡಗನ್ನು ಕಂಡಿದ್ದನು ಮತ್ತು ಸಮಕಾಲೀನ ಭಾರತೀಯ ಅರಸರಲ್ಲಿ ಬಹುಪಾಲು ಜನರಿಗಿಂತ ಸ್ಪಷ್ಟವಾಗಿ ಕಂಡಿದ್ದನು. ತೋಪು, ತೇಗ, ತಾಮ್ರಗಳ ಲೆಕ್ಕದಲ್ಲಿ ಅವನು ತಪ್ಪಲಿಲ್ಲ. ತಪ್ಪಿದ್ದು ನೀರಿನ ಲೆಕ್ಕ ಮತ್ತು ಆ ನೀರಿನ ಅಂಚಿನಲ್ಲಿ ಬದುಕಿದ ಜನರ ಲೆಕ್ಕ. ಅವನ ನೌಕಾಬಲದ ಚರಿತ್ರೆಯನ್ನು ಬರೆಯಲು ಶ್ರೀರಂಗಪಟ್ಟಣದ ನಿರೂಪಗಳಷ್ಟೇ ಸಾಲವು. ಮಂಗಳೂರಿನ ಅಳಿವೆಯನ್ನೂ, ಅದನ್ನು ಬಲ್ಲ ಬಡಗಿ ಮತ್ತು ನಾವಿಕರ ತಿಳಿವಳಿಕೆಯನ್ನೂ ಆಕರವಾಗಿ ಓದಬೇಕಾಗುತ್ತದೆ.